ತೆರಿಗೆ ರಿಯಾಯಿತಿ ಮತ್ತು ನಮ್ಮ ಶಾಲೆಯ ಗಣಿತದ ಮೇಷ್ಟ್ರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ‘ಕಂಪ್ಯೂಟರ್ ಯುಗದಲ್ಲಿ ವಿದ್ಯಾರ್ಥಿಗಳು’. ಸಾಫ್ಟ್‌ವೇರ್ ಎಂಜಿನಿಯರ್ ಅಂದ ಕೂಡಲೇ ಎಲ್ಲ ಕಡೆಯೂ ಇದನ್ನೇ ಕೊಡುತ್ತಾರೆ. ನಾನು ಕಾರ್ಯದರ್ಶಿಗಳ ಹತ್ತಿರ ಕೇಳಿಕೊಂಡು ವಿಷಯ ಬದಲಾಯಿಸಿಕೊಂಡೆ. ಶ್ರೀಮಂತರಿಗೆ ಕೊಡುವ ತೆರಿಗೆ ರಿಯಾಯಿತಿಯ ಬಗ್ಗೆ ಮಾತಾಡುತ್ತೇನೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಾಜಕೀಯ ಬೇಡಪ್ಪಾ’ ಅಂದರು. ರಾಜಕೀಯ ಮಾತಾಡುವುದಿಲ್ಲ, ಲೆಕ್ಕ ಮಾತಾಡುತ್ತೇನೆ ಎಂದು ಒಪ್ಪಿಸಿದ್ದೇನೆ. ಈ ಲೆಕ್ಕದಲ್ಲಿ ಎಲ್ಲ ಪಕ್ಷದ ಸರ್ಕಾರಗಳೂ ಬರುತ್ತವೆ, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈ ವಿಷಯ ತಲೆಗೆ ಬಂದದ್ದು ಎರಡು ತಿಂಗಳ ಹಿಂದೆ ಇಲ್ಲೇ ಸ್ಟಾಫ್ ರೂಮಿನಲ್ಲಿ ನಡೆದ ಪೂರ್ವಭಾವಿ ಸಭೆಯಲ್ಲಿ. ಪ್ರಯೋಗಾಲಯದ ಸೂರು, ಹೆಣ್ಣುಮಕ್ಕಳ ಶೌಚಾಲಯ, ಕಾಂಪೌಂಡು, ಇವಕ್ಕೆಲ್ಲ ಹಳೆಯ ವಿದ್ಯಾರ್ಥಿಗಳಿಂದ ಚಂದಾ ಎತ್ತುವ ಮಾತು ನಡೆದಿತ್ತು. ಯಾರು ಎಷ್ಟು ಎಂದು ಬರೆಯುತ್ತಿರುವಾಗ, ನನಗೆ ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಗಣಿತ ಹೇಳಿಕೊಟ್ಟ, ಈಗ ನಿವೃತ್ತರಾಗಿರುವ ನಮ್ಮ ಮೇಷ್ಟ್ರು ನನ್ನ ಕಡೆ ತಿರುಗಿ ಕೇಳಿದರು: ‘ಏನಪ್ಪಾ, ಈ ಸಲದ ಬಜೆಟ್‌ನಲ್ಲಿ ನಿನಗೆ ಎಷ್ಟು ಉಳಿಯಿತು?’

ಅವರು ತಮಾಷೆಗೆ ಕೇಳಿದ್ದರು. ನಾನು ಲೆಕ್ಕ ಹಾಕಿ ಹೇಳಿದೆ. 2025ರ ಫೆಬ್ರವರಿ ಬಜೆಟ್‌ನಲ್ಲಿ ಆದಾಯ ತೆರಿಗೆಯ ಹಂತಗಳನ್ನು ಬದಲಾಯಿಸಿದರು. 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತಲ್ಲ, ಅದೇ. ಆದರೆ 12 ಲಕ್ಷದ ಮೇಲಿನವರಿಗೂ ಕಡಿಮೆಯಾಯಿತು. 24 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಆದಾಯ ಇರುವವರಿಗೆ 1,10,000 ರೂಪಾಯಿ ಉಳಿತಾಯ. ನಾನು ಆ ಗೆರೆ ಈಗಷ್ಟೇ ದಾಟಿದವನು. ಹಾಗಾಗಿ ಪೂರ್ತಿ ಉಳಿತಾಯ ನನಗೆ ಸಿಕ್ಕಿತು. ಮೇಷ್ಟ್ರು ತಲೆಯಾಡಿಸಿದರು. ‘ನಮ್ಮ ಶಾಲೆಗೆ ಗಣಿತಕ್ಕೆ ಕಾಯಂ ಮೇಷ್ಟ್ರಿಲ್ಲ, ಗೊತ್ತಾ? ಅತಿಥಿ ಶಿಕ್ಷಕರು ಬಂದು ಹೋಗ್ತಾರೆ’ ಅಂದರು. ಮಾತು ಅಲ್ಲಿಗೆ ನಿಂತಿತು. ಕಾಂಪೌಂಡಿನ ವಿಷಯ ಶುರುವಾಯಿತು.

ಆ ಎರಡು ವಾಕ್ಯಗಳ ನಡುವೆ ಸಂಬಂಧ ಇದೆಯೋ ಇಲ್ಲವೋ ಎಂಬುದನ್ನೇ ನಾನು ಇವತ್ತು ನಿಮ್ಮ ಮುಂದೆ ಇಡಬೇಕು ಎಂದುಕೊಂಡಿದ್ದೇನೆ.

ಮೊದಲು ‘ಶ್ರೀಮಂತ’ ಅಂದರೆ ಯಾರು ಎಂಬ ತಕರಾರು. ನನ್ನನ್ನು ಕೇಳಿದರೆ ನಾನು ಮಧ್ಯಮ ವರ್ಗ. ಜೆ.ಪಿ. ನಗರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಅದರ ಇಎಂಐ, ಮಗಳ ಶಾಲೆಯ ಫೀಸು, ಇಷ್ಟರಲ್ಲಿ ಸಂಬಳ ಮುಗಿಯುತ್ತದೆ ಎಂದು ನನ್ನ ಆಫೀಸಿನಲ್ಲಿ ಎಲ್ಲರೂ ಗೊಣಗುವವರೇ. ಆದರೆ 140 ಕೋಟಿ ಜನರ ದೇಶದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರು ಸುಮಾರು ಎಂಟು ಕೋಟಿ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಕಟ್ಟುವ ತೆರಿಗೆ ಸೊನ್ನೆ. ಅಂದಮೇಲೆ 24 ಲಕ್ಷ ಸಂಬಳದವನು ತನ್ನನ್ನು ನಡುವಿನವನು ಎಂದು ಕರೆದುಕೊಳ್ಳುವುದು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮಧ್ಯದಲ್ಲಿದ್ದೇನೆ ಎಂದ ಹಾಗೆ. ನಾನು ಕೋಟ್ಯಧಿಪತಿ ಅಲ್ಲ, ನಿಜ. ಆದರೆ ಈ ಮಾತಿನಿಂದ ನನ್ನನ್ನು ಹೊರಗಿಟ್ಟುಕೊಂಡು ಬರೀ ಅಂಬಾನಿ, ಅದಾನಿ ಅಂತ ಮಾತಾಡಿದರೆ ಮೇಷ್ಟ್ರು ಒಪ್ಪುವುದಿಲ್ಲ.

ಇನ್ನು ‘ನಾವು ಮಾತ್ರ ತೆರಿಗೆ ಕಟ್ಟುವವರು, ಉಳಿದವರೆಲ್ಲ ತಿನ್ನುವವರು’ ಎಂಬ ಮಾತು ನಮ್ಮ ಐಟಿ ಕಚೇರಿಗಳ ಕ್ಯಾಂಟೀನುಗಳಲ್ಲಿ ದಿನಾ ಕೇಳುತ್ತೇನೆ. ಅದಕ್ಕೆ ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ನಮ್ಮಪ್ಪ ಗಾರೆ ಕೆಲಸದವರು. ನಿಮ್ಮಲ್ಲಿ ಹಲವರ ಮನೆಗೆ ಅವರೇ ಪಾಯ ಹಾಕಿದ್ದಾರೆ. ಜಯನಗರ, ಬನಶಂಕರಿಯಲ್ಲಿ ಅವರು ಕಟ್ಟಿದ ಮನೆಗಳ ಲೆಕ್ಕ ಅವರಿಗೇ ಇಲ್ಲ. ಒಂದು ದಿನ ನಾನು ರಿಟರ್ನ್ ಸಲ್ಲಿಸುತ್ತಿದ್ದಾಗ ಪಕ್ಕದಲ್ಲಿ ಕೂತು, ‘ನಾನೇನೋ ಜನ್ಮದಲ್ಲಿ ಒಂದು ಪೈಸೆ ಟ್ಯಾಕ್ಸ್ ಕಟ್ಟಿಲ್ಲ ನೋಡು’ ಅಂದರು, ತಪ್ಪು ಮಾಡಿದವರ ದನಿಯಲ್ಲಿ.

2021ರಲ್ಲಿ ಅವರು ನಮ್ಮ ಹಳೇ ಮನೆಯ ಮೇಲೆ ಒಂದು ರೂಮು ಹಾಕಿಸಿದ್ದರು. ಆಗ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28. ಚೀಲಕ್ಕೆ 400 ರೂಪಾಯಿ ಎಂದುಕೊಂಡರೆ ಅದರಲ್ಲಿ 87 ರೂಪಾಯಿ ತೆರಿಗೆಯೇ. ‘ಅಪ್ಪಾ, ಎಷ್ಟು ಚೀಲ ತಂದ್ರಿ?’ ಎಂದು ಕೇಳಿದೆ. ಚೀಲದ ಲೆಕ್ಕ ಅವರಿಗೆ ಬಾಯಿಪಾಠ. ಗುಣಿಸಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಹಂಗಾದ್ರೆ ಕಬ್ಬಿಣಕ್ಕೂ ಹಾಕು’ ಅಂದರು.

ಅದೇ ಸಮಯದಲ್ಲಿ ದೊಡ್ಡ ಕಂಪನಿಗಳ ಲಾಭದ ಮೇಲಿನ ತೆರಿಗೆ ಶೇ 22. ಲಾಭದ ಮೇಲಿನ ತೆರಿಗೆಯನ್ನೂ ಸರಕಿನ ಬೆಲೆಯ ಮೇಲಿನ ತೆರಿಗೆಯನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡುವುದು ಶಾಸ್ತ್ರೀಯವಾಗಿ ಸರಿಯಲ್ಲ ಎಂದು ನನಗೆ ಗೊತ್ತು. ಕಂಪನಿಯೂ ಜಿಎಸ್‌ಟಿ ವ್ಯವಹಾರದ ಒಳಗೇ ಇದೆ. ಆದರೂ ಹೇಳುತ್ತೇನೆ, ಏಕೆಂದರೆ ಅಪ್ಪನಂಥವರು ತಮ್ಮನ್ನು ತೆರಿಗೆ ಕಟ್ಟದವರು ಎಂದುಕೊಂಡು ತಲೆ ತಗ್ಗಿಸುವುದನ್ನು ನೋಡಲು ನನಗೆ ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ 18ಕ್ಕೆ ಇಳಿದಿದೆ, ಮಕ್ಕಳ ನೋಟ್‌ಬುಕ್ಕು, ಪೆನ್ಸಿಲ್ಲಿಗೆ ತೆರಿಗೆಯೇ ಇಲ್ಲ. ಒಳ್ಳೆಯದಾಯಿತು. ರಿಯಾಯಿತಿ ಅಂದರೆ ಹೀಗೂ ಕೊಡಬಹುದು ಎಂಬುದಕ್ಕೆ ಅದನ್ನು ನೆನಪಿಸಿದೆ.

ಈಗ ಆ ಶೇ 22ರ ಕಥೆ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಹೊಸದಾಗಿ ಕಾರ್ಖಾನೆ ಹಾಕುವವರಿಗೆ ಶೇ 15. ಬೇರೆ ವಿನಾಯಿತಿಗಳನ್ನು ಬಿಟ್ಟುಕೊಡಬೇಕು ಎಂಬ ಷರತ್ತು ಇತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬೊಕ್ಕಸಕ್ಕೆ ಬರುವುದಿಲ್ಲ ಎಂದು ಅಂದಾಜು ಹೇಳಿದ್ದು ಸ್ವತಃ ಸರ್ಕಾರವೇ. ಆ ದಿನ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಎಲ್ಲರೂ ಶೇರು ಏರುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದೆವು.

1.45 ಲಕ್ಷ ಕೋಟಿ ಎಂದರೆ ಎಷ್ಟು ಎಂಬುದು ನನ್ನ ತಲೆಗೂ ಹೋಗುವುದಿಲ್ಲ. ಹಾಗಾಗಿ ನಮ್ಮ ಕಡೆಯ ಅಳತೆಗೋಲು ಹಿಡಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ಶುರುವಾಯಿತಲ್ಲ, ನಾನೀಗ ಅದರಲ್ಲೇ ಕೆಲಸಕ್ಕೆ ಹೋಗುವುದು. 19 ಕಿಲೋಮೀಟರ್, 16 ನಿಲ್ದಾಣ, ಖರ್ಚು ಸುಮಾರು 7,160 ಕೋಟಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ನಮ್ಮ ತಲೆಕೂದಲು ಬೆಳ್ಳಗಾಗುವಷ್ಟು ವರ್ಷ ಅದಕ್ಕೆ ಕಾದೆವು. 1.45 ಲಕ್ಷ ಕೋಟಿಯಲ್ಲಿ ಅಂಥ 20 ಮಾರ್ಗ ಆಗುತ್ತದೆ. ಅದು ಒಂದು ವರ್ಷದ ಲೆಕ್ಕ.

ಇನ್ನೊಂದು ಅಳತೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೂ ಪಾಲಿದೆ. ಆಗ 14ನೇ ಹಣಕಾಸು ಆಯೋಗದ ಪ್ರಕಾರ ಹಂಚುವ ತೆರಿಗೆಯಲ್ಲಿ ರಾಜ್ಯಗಳಿಗೆ ಶೇ 42, ಅದರಲ್ಲಿ ಕರ್ನಾಟಕಕ್ಕೆ ಶೇ 4.713. ಗುಣಿಸಿದರೆ ನಮ್ಮ ರಾಜ್ಯದ ಪಾಲಿಗೆ ಸುಮಾರು 2,870 ಕೋಟಿ ಬರುತ್ತದೆ. ಸೆಸ್ಸು, ಸರ್‌ಚಾರ್ಜು ಹಂಚಿಕೆಗೆ ಸೇರುವುದಿಲ್ಲವಾದ್ದರಿಂದ ನಿಜವಾದ ಮೊತ್ತ ಅದಕ್ಕಿಂತ ಸ್ವಲ್ಪ ಕಡಿಮೆ. ಗಮನಿಸಬೇಕಾದ್ದು ಇದು: ರಿಯಾಯಿತಿ ಘೋಷಿಸಿದವರು ದೆಹಲಿಯವರು, ಕಳೆದುಕೊಂಡವರಲ್ಲಿ ವಿಧಾನಸೌಧವೂ ಸೇರಿದೆ, ಮತ್ತು ಶಿಕ್ಷಕರಿಗೆ ಸಂಬಳ ಕೊಡಬೇಕಾದದ್ದು ವಿಧಾನಸೌಧ. ಮೇಷ್ಟ್ರ ಎರಡು ವಾಕ್ಯಗಳ ನಡುವೆ ಕಾಲುದಾರಿ ಇದೆ ಎಂದು ನನಗೆ ಗೊತ್ತಾದದ್ದು ಇಲ್ಲಿ.

ಆದರೆ ಒಂದು ಪಕ್ಷವನ್ನೇ ಹೇಳಿದರೆ ಅದು ಲೆಕ್ಕವಾಗುವುದಿಲ್ಲ. ರಿಯಾಯಿತಿಯ ಪರವಾಗಿ ಗಟ್ಟಿ ಮಾತುಗಳಿವೆ, ಅದರಲ್ಲಿ ಒಂದು ನಾನೇ.

1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಎಂಬ ಯೋಜನೆ ಬಂತು. ಅದರಡಿ ನೋಂದಾಯಿಸಿಕೊಂಡ ಕಂಪನಿಗಳ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 10ಎ ಕಲಮಿನ ಪ್ರಕಾರ ವಿನಾಯಿತಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಕೋರಮಂಗಲದಲ್ಲಿ ಕಂಪನಿಗಳು ಬೆಳೆದದ್ದು ಈ ನೆರಳಿನಲ್ಲಿ. ಅದರ ಹಿಂದೆ ಬಂದ ಬಾಡಿಗೆದಾರರಿಂದಲೇ ಬಿಟಿಎಂ ಲೇಔಟಿನಲ್ಲಿ ಒಂದು ಮಹಡಿಯ ಮನೆಗಳು ನಾಲ್ಕು ಮಹಡಿಯ ಪಿಜಿಗಳಾದವು. ಬ್ಯಾರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರವೇ ಬಿಟಿಎಂ ಎಂಬುದು ಅಲ್ಲಿರುವ ಹುಡುಗರಿಗೆ ಗೊತ್ತಿಲ್ಲ, ಅದು ಬೇರೆ ಮಾತು. ಆ ವಿನಾಯಿತಿ ಮುಗಿದದ್ದು 2011ರ ಮಾರ್ಚ್ 31ಕ್ಕೆ. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ್ದು ಅದೇ 2011ರಲ್ಲಿ. ಇಪ್ಪತ್ತು ವರ್ಷ ಸರ್ಕಾರ ತೆರಿಗೆ ಬಿಟ್ಟು ಬೆಳೆಸಿದ ಮರದ ಹಣ್ಣು ಕಿತ್ತವನು ನಾನು. ಗಾರೆ ಕೆಲಸದವರ ಮಗ ಇಂಥ ಸಂಬಳ ಎಣಿಸುವುದಕ್ಕೆ ಈ ಶಾಲೆ ಒಂದು ಕಾರಣ, ಸಿಇಟಿ ಸೀಟು ಒಂದು ಕಾರಣ, ಆ ತೆರಿಗೆ ವಿನಾಯಿತಿಯೂ ಒಂದು ಕಾರಣ.

ತೆರಿಗೆಯನ್ನು ಏರಿಸುತ್ತಾ ಹೋದರೆ ಏನಾಗುತ್ತದೆ ಎಂಬುದನ್ನೂ ನಮ್ಮ ದೇಶ ನೋಡಿದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಸರ್‌ಚಾರ್ಜ್ ಸೇರಿ ಶೇ 97.75 ಇತ್ತು. ನೂರು ರೂಪಾಯಿ ದುಡಿದರೆ ಎರಡೂಕಾಲು ರೂಪಾಯಿ ಕೈಗೆ. ಯಾರು ಕಟ್ಟುತ್ತಾರೆ? ಕಪ್ಪುಹಣ ಎಂಬ ಮಾತು ಮನೆಮಾತಾದದ್ದರಲ್ಲಿ ಆ ದರದ ಪಾಲೂ ಇದೆ. ಕಪ್ಪುಹಣದ ಬಗ್ಗೆ ವಿಚಾರಣೆ ಮಾಡಿದ ವಾಂಛೂ ಸಮಿತಿಯೇ ದರ ಇಳಿಸಿ ಎಂದು ಶಿಫಾರಸು ಮಾಡಿತು. ಹಾಗೆಯೇ ಸತ್ತವರ ಆಸ್ತಿಯ ಮೇಲೆ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ 1953ರಿಂದ ಇತ್ತು. ದರ ಶೇ 85ರವರೆಗೆ, ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಕೋಟಿ. 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ ಅದನ್ನು ತೆಗೆದರು. ಸಂಪತ್ತು ತೆರಿಗೆಯೂ ಹಾಗೆಯೇ. 2013-14ರಲ್ಲಿ ಅದರಿಂದ ಬಂದದ್ದು ಇಡೀ ದೇಶದಲ್ಲಿ 1,008 ಕೋಟಿ. 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅದನ್ನು ರದ್ದು ಮಾಡಿ, ಬದಲಿಗೆ ಒಂದು ಕೋಟಿ ಮೀರಿದ ಆದಾಯದವರ ಮೇಲೆ ಶೇ 2 ಹೆಚ್ಚುವರಿ ಸರ್‌ಚಾರ್ಜ್ ಹಾಕಿದರು. ವಸೂಲಿಗೆ ಸುಲಭವಾದ ತೆರಿಗೆಯನ್ನು ಹಾಕಿ ಕಷ್ಟವಾದದ್ದನ್ನು ಬಿಟ್ಟರು, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ 2023ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ ಐದು ಕೋಟಿ ಮೀರಿದವರ ಸರ್‌ಚಾರ್ಜನ್ನು ಶೇ 37ರಿಂದ 25ಕ್ಕೆ ಇಳಿಸಿದರು. ಒಟ್ಟು ದರ ಶೇ 42.74ರಿಂದ 39ಕ್ಕೆ ಬಂತು. ಹತ್ತು ಕೋಟಿ ಆದಾಯದವರಿಗೆ ಸುಮಾರು 37 ಲಕ್ಷ ಉಳಿತಾಯ. ಇದು ಯಾಕೆ ಬೇಕಿತ್ತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಮಟ್ಟದ ಆದಾಯದವರು ಆ 37 ಲಕ್ಷ ಸಿಕ್ಕಿತೆಂದು ಇನ್ನಷ್ಟು ಬೆವರು ಸುರಿಸಿ ದುಡಿಯುತ್ತಾರೆ ಎಂದು ನಂಬುವುದು ಕಷ್ಟ.

ಹಾಗಾದರೆ ನನ್ನ ಲೆಕ್ಕದಲ್ಲಿ 1991ರ ರಿಯಾಯಿತಿಗೂ 2019ರ ರಿಯಾಯಿತಿಗೂ ಏನು ವ್ಯತ್ಯಾಸ? ಮೊದಲನೆಯದು ಒಂದು ಕೆಲಸಕ್ಕೆಂದು ಕೊಟ್ಟದ್ದು. ರಫ್ತು ಮಾಡಿದರೆ ಮಾತ್ರ ಸಿಗುತ್ತಿತ್ತು. ಕೊನೆಯ ತಾರೀಕು ಇತ್ತು, ಒಂದೆರಡು ಸಲ ಮುಂದೆ ಹಾಕಿದರೂ ಕೊನೆಗೆ ಮುಗಿಯಿತು. ಎರಡನೆಯದರಲ್ಲಿ ಹೊಸ ಕಾರ್ಖಾನೆಗಳ ಶೇ 15ರ ಭಾಗಕ್ಕೆ ಷರತ್ತೂ ಗಡುವೂ ಇತ್ತು. ಶೇ 22ರ ಭಾಗಕ್ಕೆ ಇರಲಿಲ್ಲ. ಮೊದಲೇ ಇರುವ ಕಂಪನಿ, ಮೊದಲೇ ಮಾಡುತ್ತಿದ್ದ ವ್ಯಾಪಾರ, ಮೊದಲೇ ಬರುತ್ತಿದ್ದ ಲಾಭ. ಅದರ ಮೇಲೆ ತೆರಿಗೆ ಕಡಿಮೆ. ಆ ಹಣದಲ್ಲಿ ಯಂತ್ರ ಹಾಕಬಹುದು, ಜನರನ್ನು ತೆಗೆದುಕೊಳ್ಳಬಹುದು, ಸಾಲ ತೀರಿಸಬಹುದು, ಶೇರುದಾರರಿಗೆ ಹಂಚಬಹುದು. ಏನು ಮಾಡಿದಿರಿ ಎಂದು ಯಾರೂ ಕೇಳುವಂತಿಲ್ಲ.

ಏನಾಯಿತು? 2018-19ರಲ್ಲಿ ಕಂಪನಿ ತೆರಿಗೆ 6.63 ಲಕ್ಷ ಕೋಟಿ ಬಂದಿತ್ತು, ಮರುವರ್ಷ 5.57 ಲಕ್ಷ ಕೋಟಿಗೆ ಇಳಿಯಿತು. ಆಮೇಲೆ ಕೋವಿಡ್ ಬಂದು ಎಲ್ಲ ಲೆಕ್ಕವನ್ನೂ ಕಲಸಿಹಾಕಿತು, ಆದ್ದರಿಂದ ಎಲ್ಲವನ್ನೂ ಈ ಒಂದು ನಿರ್ಧಾರದ ತಲೆಗೆ ಕಟ್ಟುವುದು ಅನ್ಯಾಯ. ಲಾಭಗಳು ಮಾತ್ರ ಚೇತರಿಸಿಕೊಂಡವು, ಬರೀ ಚೇತರಿಕೆಯಲ್ಲ. ಸರ್ಕಾರದ್ದೇ 2023-24ರ ಆರ್ಥಿಕ ಸಮೀಕ್ಷೆ 33,000ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ನೋಡಿ, 2020ರಿಂದ 2023ರ ಹಣಕಾಸು ವರ್ಷಗಳ ನಡುವೆ ತೆರಿಗೆಗೆ ಮುಂಚಿನ ಲಾಭ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು ಎಂದಿತು. ನೇಮಕಾತಿಯೂ ಸಂಬಳವೂ ಅದಕ್ಕೆ ಸರಿಸಮನಾಗಿ ಬೆಳೆಯಲಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ಇದನ್ನು ಬರೆದವರು ಕೆಂಪು ಬಾವುಟದವರಲ್ಲ, ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರ ಕಚೇರಿ. ಇತ್ತ, ಮೊದಲು ಕಂಪನಿಗಳಿಗಿಂತ ಕಡಿಮೆ ಕಟ್ಟುತ್ತಿದ್ದ ವ್ಯಕ್ತಿಗಳು ಈಗ ಹೆಚ್ಚು ಕಟ್ಟುತ್ತಿದ್ದಾರೆ. 2023-24ರಲ್ಲಿ ಕಂಪನಿ ತೆರಿಗೆ ಸುಮಾರು 9.1 ಲಕ್ಷ ಕೋಟಿ, ವೈಯಕ್ತಿಕ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ.

ಬೇರೆ ದೇಶಗಳಲ್ಲೂ ಇದನ್ನು ಮಾಡಿ ನೋಡಿದ್ದಾರೆ. ಡೇವಿಡ್ ಹೋಪ್ ಮತ್ತು ಜೂಲಿಯನ್ ಲಿಂಬರ್ಗ್ ಎಂಬ ಇಬ್ಬರು ಸಂಶೋಧಕರು 18 ಮುಂದುವರಿದ ದೇಶಗಳ 50 ವರ್ಷಗಳ ಅಂಕಿಅಂಶ ಹಿಡಿದು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶ್ರೀಮಂತರ ತೆರಿಗೆ ದೊಡ್ಡ ಪ್ರಮಾಣದಲ್ಲಿ ಇಳಿಸಿದ ಕಡೆಯೆಲ್ಲ ಮೇಲಿನ ಶೇ 1ರಷ್ಟು ಜನರ ಪಾಲು ಹೆಚ್ಚಾಯಿತು, ಬೆಳವಣಿಗೆಯ ಮೇಲೋ ನಿರುದ್ಯೋಗದ ಮೇಲೋ ಗಮನಾರ್ಹ ಪರಿಣಾಮ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಇಂಗ್ಲೆಂಡಿನಲ್ಲಿ 2022ರಲ್ಲಿ ಲಿಜ್ ಟ್ರಸ್ ಸರ್ಕಾರ ಶೇ 45ರ ಮೇಲಿನ ದರವನ್ನೇ ತೆಗೆಯಲು ಹೋಗಿ ಹತ್ತೇ ದಿನದಲ್ಲಿ ಹಿಂತೆಗೆದುಕೊಂಡಿತು.

ನನಗೆ ಹೆಚ್ಚು ತಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಕಥೆ, ಏಕೆಂದರೆ ಅದರಲ್ಲಿ ಶಾಲೆ ಬರುತ್ತದೆ. ಅಲ್ಲಿನ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ 2012ರಲ್ಲಿ ಆದಾಯ ತೆರಿಗೆಯನ್ನು ತುಂಬಾ ಇಳಿಸಿದರು, ಕೆಲವು ಬಗೆಯ ವ್ಯಾಪಾರದ ಆದಾಯಕ್ಕೆ ರಾಜ್ಯದ ತೆರಿಗೆಯೇ ಇಲ್ಲದಂತೆ ಮಾಡಿದರು. ಬೆಳವಣಿಗೆ ಬಂದು ಖೋತಾವನ್ನು ತುಂಬುತ್ತದೆ ಎಂಬ ನಿರೀಕ್ಷೆ. ತುಂಬಲಿಲ್ಲ. 2015ರಲ್ಲಿ ಅಲ್ಲಿನ ಕೆಲವು ಶಾಲಾ ಜಿಲ್ಲೆಗಳು ಹಣ ಸಾಲದೆ ಶೈಕ್ಷಣಿಕ ವರ್ಷವನ್ನು ಅವಧಿಗೆ ಮುಂಚೆ ಮುಗಿಸಿಬಿಟ್ಟವು. 2017ರಲ್ಲಿ ಅವರದೇ ಪಕ್ಷ ಬಹುಮತದಲ್ಲಿದ್ದ ಶಾಸನಸಭೆ ಅವರ ವೀಟೊವನ್ನು ಮೀರಿ ಆ ಕಡಿತವನ್ನು ರದ್ದು ಮಾಡಿತು. ಮಕ್ಕಳೇ, ಶಾಲೆಗೆ ಬೇಗ ರಜೆ ಕೊಟ್ಟರೆ ನಿಮಗೆ ಖುಷಿ ಎಂದು ಗೊತ್ತು. ನಗಬೇಡಿ.

ನಮ್ಮಲ್ಲಿ ಹಾಗೆ ಒಂದು ದಿನ ಬಾಗಿಲು ಹಾಕುವುದಿಲ್ಲ. ನಿಧಾನವಾಗಿ ಆಗುತ್ತದೆ. ಒಬ್ಬ ಮೇಷ್ಟ್ರು ನಿವೃತ್ತರಾಗುತ್ತಾರೆ, ಜಾಗ ಖಾಲಿ ಉಳಿಯುತ್ತದೆ. ಅತಿಥಿ ಶಿಕ್ಷಕರು ಬರುತ್ತಾರೆ, ಪಾಪ, ಗೌರವಧನ ತಿಂಗಳುಗಟ್ಟಲೆ ತಡವಾದಾಗ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಫಲಿತಾಂಶ ಇಳಿಯುತ್ತದೆ. ಊರಿನವರು ಮಕ್ಕಳನ್ನು ಮುಖ್ಯರಸ್ತೆಯ ಕಾನ್ವೆಂಟಿಗೆ ಹಾಕುತ್ತಾರೆ. ದಾಖಲಾತಿ ಇಳಿದಿದೆ, ಆದ್ದರಿಂದ ಹುದ್ದೆ ಬೇಡ ಎಂಬ ಲೆಕ್ಕ ಬರುತ್ತದೆ. ಖಾಲಿ ಹುದ್ದೆಗೆ ಹಣದ ಕೊರತೆಯೊಂದೇ ಕಾರಣವಲ್ಲ, ಆಡಳಿತದ ಕಾರಣಗಳೂ ಕೋರ್ಟು ಕಚೇರಿಯ ಕಾರಣಗಳೂ ಇರುತ್ತವೆ, ಒಪ್ಪುತ್ತೇನೆ. ಆದರೆ ‘ಆರ್ಥಿಕ ಮಿತವ್ಯಯ’ ಎಂಬ ಮಾತು ಬಂದಾಗ ಮೊದಲು ಕೈಬಿಡುವುದು ಯಾವುದನ್ನು ಎಂಬುದು ಇಲ್ಲಿರುವ ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ. ಕಂಪನಿಗಳು ಸಿಎಸ್‌ಆರ್ ಮಾಡುತ್ತವಲ್ಲ, ಶಾಲೆಗಳಿಗೆ ಕೊಡುತ್ತವಲ್ಲ? ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿ ಬಂದದ್ದೇ ಹಾಗೆ. ಅದಕ್ಕೆ ನಾವೆಲ್ಲ ಕೃತಜ್ಞರು, ಈ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಆದರೆ ಲೆಕ್ಕ ನೋಡಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ನೂರು ಕೋಟಿ ಲಾಭಕ್ಕೆ ಎರಡು ಕೋಟಿ. 2019ರ ಇಳಿಕೆಯಲ್ಲಿ ಸೆಸ್ಸು, ಸರ್‌ಚಾರ್ಜು ಸೇರಿ ದರ ಶೇ 34.94ರಿಂದ 25.17ಕ್ಕೆ ಬಂತು. ಮುಂಚೆ ವಿನಾಯಿತಿಗಳಿಲ್ಲದೆ ಪೂರ್ತಿ ಕಟ್ಟುತ್ತಿದ್ದ ಕಂಪನಿಗೆ ಅದೇ ನೂರು ಕೋಟಿಯ ಮೇಲೆ ಉಳಿದದ್ದು 9 ಕೋಟಿ 77 ಲಕ್ಷ. ಎರಡು ಕೋಟಿಗೆ ಫಲಕ ಇರುತ್ತದೆ, ರಿಬ್ಬನ್ ಇರುತ್ತದೆ, ಫೋಟೊ ಇರುತ್ತದೆ.

ಇನ್ನೂ ಒಂದು ಮಾತು, ಇದು ನನ್ನ ತಪ್ಪೊಪ್ಪಿಗೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಸಿಎಸ್‌ಆರ್ ಸ್ವಯಂಸೇವಕರ ಗುಂಪಿನಲ್ಲಿದ್ದೆ. ಯಾವ ಶಾಲೆಗೆ ಕೊಡಬೇಕು ಎಂದು ಆರಿಸುವ ಕೆಲಸ. ನಾವು ಮಾಡಿದ್ದೇನು ಗೊತ್ತೇ? ಗೂಗಲ್ ಮ್ಯಾಪ್ ತೆಗೆದು ಆಫೀಸಿನ ಸುತ್ತ 15 ಕಿಲೋಮೀಟರಿನ ಒಂದು ವೃತ್ತ ಎಳೆದೆವು. ಶನಿವಾರ ಬೆಳಿಗ್ಗೆ ಹೋಗಿ, ಗೋಡೆಗೆ ಬಣ್ಣ ಬಳಿದು, ಫೋಟೊ ತೆಗೆದು, ಮಧ್ಯಾಹ್ನ ಊಟಕ್ಕೆ ವಾಪಸ್ ಬರಬೇಕಲ್ಲ. ಒಬ್ಬ ಸಹೋದ್ಯೋಗಿ ರಾಯಚೂರು ಜಿಲ್ಲೆಯವನು, ನಮ್ಮೂರಿನ ಶಾಲೆಗೆ ಕೊಡೋಣ ಎಂದ. ‘ಲಾಜಿಸ್ಟಿಕ್ಸ್ ಕಷ್ಟ’ ಎಂದು ಬರೆದು ಆ ಸಾಲನ್ನು ಹೊಡೆದುಹಾಕಿದವನು ನಾನೇ. ನಮ್ಮ ಶಾಲೆ ವೃತ್ತದ ಒಳಗೆ ಬಿತ್ತು. ಈ ಕಂಪ್ಯೂಟರುಗಳು ಬಂದದ್ದು ನಮ್ಮ ಮಕ್ಕಳು ಜಾಣರೆಂದಲ್ಲ, ನಾವು ಜಯನಗರದ ಹತ್ತಿರ ಇದ್ದೇವೆ ಎಂದು. ತೆರಿಗೆಯ ಹಣ ಹಂಚುವುದರಲ್ಲಿ ನೂರೆಂಟು ಹುಳುಕುಗಳಿವೆ. ಆದರೂ ರಾಯಚೂರಿನವರು ಅದನ್ನು ಹಕ್ಕಿನಿಂದ ಕೇಳಬಹುದು, ಶಾಸಕರ ಮನೆ ಮುಂದೆ ಕೂರಬಹುದು. ನನ್ನ ವೃತ್ತದ ಮುಂದೆ ಅವರು ಎಲ್ಲಿ ಹೋಗಿ ಕೂರಬೇಕಿತ್ತು?

ನಮ್ಮೂರು ರಾಗಿ ಹೊಲವಾಗಿದ್ದಾಗ, 1975ರಲ್ಲಿ ಈ ಶಾಲೆ ಶುರುವಾಯಿತು. ಮರುವರ್ಷ ಬಿಡಿಎ ಹುಟ್ಟಿತು, ಸುತ್ತಮುತ್ತ ಲೇಔಟುಗಳು ಬಂದವು, ಹಿರಿಯರ ಜಮೀನು ಸೈಟುಗಳಾದವು. ಆಗ ಈ ಊರಿನಲ್ಲಿ ಆದಾಯ ತೆರಿಗೆ ಕಟ್ಟುವವರು ಯಾರೂ ಇರಲಿಲ್ಲ ಎಂದು ತಾತಂದಿರು ಹೇಳುತ್ತಾರೆ. ಆದರೂ ಎಲ್ಲಿಯೋ ಯಾರೋ ಕಟ್ಟಿದ ತೆರಿಗೆಯಲ್ಲಿ ಇಲ್ಲಿಗೆ ಗಣಿತದ ಮೇಷ್ಟ್ರು ಬಂದರು. ಕಟ್ಟಿದವರಿಗೆ ನಮ್ಮೂರಿನ ಹೆಸರೂ ಗೊತ್ತಿರಲಿಕ್ಕಿಲ್ಲ. ನಾನು 2005ರಲ್ಲಿ ಇಲ್ಲಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದಾಗ ಗಣಿತದಲ್ಲಿ ತೆಗೆದ ಅಂಕ ಮೇಷ್ಟ್ರಿಗೆ ಇನ್ನೂ ನೆನಪಿದೆ, ನಾನು ಹೇಳುವುದಿಲ್ಲ.

ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. 2019ರ ಕಂಪನಿ ತೆರಿಗೆಯ ಇಳಿಕೆಯೂ 2023ರ ಸರ್‌ಚಾರ್ಜ್ ಇಳಿಕೆಯೂ ಜನ ತೆತ್ತ ಬೆಲೆಗೆ ತಕ್ಕ ಫಲ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನ ಸ್ವಂತ 1,10,000ದ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಆ ಬಜೆಟ್‌ನಿಂದ ನೇರ ತೆರಿಗೆಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಬಿಟ್ಟುಕೊಟ್ಟಿದ್ದೇವೆ ಎಂದು ಹಣಕಾಸು ಸಚಿವರು ಹೇಳಿದ್ದಾರೆ. ಹತ್ತು ಹನ್ನೆರಡು ಲಕ್ಷದ ಸಂಸಾರಗಳಿಗೆ ಅದರಿಂದ ಉಸಿರಾಡಲು ಜಾಗ ಸಿಕ್ಕಿತು, ಅದು ಬೇಕಿತ್ತು. ನನಗೆ ಬೇಕಿತ್ತೇ? ನಾನು ಆ ಹಣದಲ್ಲಿ ಮಾಡಿದ್ದು ಒಂದು ಹೊಸ ಫೋನು, ಒಂದು ಸಕಲೇಶಪುರದ ಹೋಂಸ್ಟೇ.

ಈಗ ಅಷ್ಟೇ ಮೊತ್ತವನ್ನು ಪ್ರಯೋಗಾಲಯದ ನಿಧಿಗೆ ಬರೆಸಿದ್ದೇನೆ. ಫಲಕದಲ್ಲಿ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೇನೆ, ದೊಡ್ಡತನಕ್ಕಲ್ಲ, ನಾಚಿಕೆಗೆ. ನಾವು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸೂರು ಹಾಕಿಸಬಹುದು, ಶೌಚಾಲಯ ಕಟ್ಟಿಸಬಹುದು. ಕಾಂಪೌಂಡಿನ ಗಾರೆ ಕೆಲಸವನ್ನು ನಮ್ಮಪ್ಪ ಕೂಲಿ ಇಲ್ಲದೆ ಮಾಡುತ್ತೇನೆ ಎಂದಿದ್ದಾರೆ. ಒಬ್ಬ ಕಾಯಂ ಗಣಿತ ಶಿಕ್ಷಕರನ್ನು ಮಾತ್ರ ನಾವು ಚಂದಾ ಎತ್ತಿ ತರಲು ಆಗುವುದಿಲ್ಲ. ಆ ಹುದ್ದೆಯನ್ನು ಸರ್ಕಾರವೇ ತುಂಬಬೇಕು, ತುಂಬಿ ಎಂದು ನಾವು ಕೇಳಬೇಕು. ತುಂಬಲು ದುಡ್ಡಿಲ್ಲ ಎಂದರೆ, ದುಡ್ಡು ಎಲ್ಲಿ ಬಿಟ್ಟುಕೊಟ್ಟಿರಿ ಎಂದೂ ಕೇಳಬಹುದು. ಕೇಳಲು ಆದಾಯ ತೆರಿಗೆ ಕಟ್ಟಿರಲೇಬೇಕು ಎಂದೇನಿಲ್ಲ. ಸಿಮೆಂಟು ಕೊಂಡಿದ್ದರೂ ಸಾಕು, ಸೋಪು ಕೊಂಡಿದ್ದರೂ ಸಾಕು.

ಊಟದ ಪೆಂಡಾಲಿನ ಬಾಗಿಲಲ್ಲಿ ಒಂದು ಮೇಜು ಹಾಕಿಸಿದ್ದೇವೆ. ಗಣಿತದ ಹುದ್ದೆ ತುಂಬಿ ಎಂದು ಶಿಕ್ಷಣ ಸಚಿವರಿಗೆ ಬರೆದ ಮನವಿ ಅಲ್ಲಿದೆ. ನನ್ನ ಗೆಳೆಯ ಪೆನ್ನು ಹಿಡಿದು ನಿಂತಿದ್ದಾನೆ. ಹೆಬ್ಬೆಟ್ಟಿಗೆ ಇಂಕ್ ಪ್ಯಾಡೂ ಇದೆ. ಮೊದಲ ಸಹಿ ನಮ್ಮ ಮೇಷ್ಟ್ರದ್ದು, ಬೆಳಿಗ್ಗೆಯೇ ಹಾಕಿದ್ದಾರೆ. ಸಹಿ ಮಾಡಿ ಊಟಕ್ಕೆ ಹೋಗಿ, ಮುದ್ದೆ ಆರುತ್ತಿದೆ.